ಕಾರ್ಬ್ಯುರೇಟರ್‌ನಿಂದ ಇಂಜೆಕ್ಷನ್‌ಗೆ: ಲಘುವಿಮಾನ ಎಂಜಿನ್ ಪರಿವರ್ತನೆಯ ಲಾಭ–ನಷ್ಟ

ಮಾರುತಿ ಕಾರುಗಳ ಹಿಂಬದಿಯಲ್ಲಿ ‘ಎಂ.ಪಿ.ಎಫ್.ಐ.’ ಎಂಬ ನಾಲ್ಕಕ್ಷರಗಳು ಕಾಣಿಸಿಕೊಳ್ಳತೊಡಗಿದ ಕಾಲವನ್ನು ನಮ್ಮ ಉದ್ಯಮಿಗಳಲ್ಲಿ ಅನೇಕರು ಮರೆತಿರಲಾರರು. ಅಲ್ಲಿಯವರೆಗೆ ಚಳಿಗಾಲದ ಬೆಳಗಿನಲ್ಲಿ ಚೋಕ್ ಎಳೆದು, ಆಕ್ಸಿಲರೇಟರನ್ನು ಮೆಲ್ಲಗೆ ತುಳಿದು ಕಾರನ್ನು ಎಬ್ಬಿಸುವುದೇ ಒಂದು ಕಲೆಯಾಗಿತ್ತು. ದ್ವಿಚಕ್ರ ವಾಹನಗಳ ಪಾಲಿಗೆ ಆ ಬದಲಾವಣೆ ತಡವಾಗಿ ಬಂದಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್–6 ಮಾನದಂಡ ಜಾರಿಯಾದ ಮೇಲೆ ಹೊಸ ಬೈಕು, ಸ್ಕೂಟರುಗಳಿಂದ ಕಾರ್ಬ್ಯುರೇಟರ್ ಬಹುಮಟ್ಟಿಗೆ ಕಣ್ಮರೆಯಾಯಿತು. ರಸ್ತೆಯ ಮೇಲೆ ಹೀಗೆ ಇತ್ಯರ್ಥವಾದ ಪ್ರಶ್ನೆ ಆಕಾಶದಲ್ಲಿ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಾರುವ ಹಳೆಯ ಸೆಸ್ನಾ 152, ಸೆಸ್ನಾ 172 ವಿಮಾನಗಳ ಮೂತಿಯೊಳಗೆ ಕಾರ್ಬ್ಯುರೇಟರ್ ಇಂದಿಗೂ ತನ್ನ ಕೆಲಸವನ್ನು ಮಾಡುತ್ತಲೇ ಇದೆ.

ಈ ವಿಷಯ ಕರ್ನಾಟಕದ ವಾಣಿಜ್ಯ ವಲಯಕ್ಕೆ ದೂರದ್ದೇನೂ ಅಲ್ಲ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಹಳೆಯದು. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ತರಬೇತಿ ಸಂಸ್ಥೆಗಳಿಗೆ ಜಾಗ ನೀಡಲು ಆರಿಸಿದ ನಿಲ್ದಾಣಗಳ ಪೈಕಿ ಬೆಳಗಾವಿ ಮತ್ತು ಕಲಬುರಗಿ ಸೇರಿದ್ದವು. ವಾಣಿಜ್ಯ ಪೈಲಟ್ ಪರವಾನಗಿಗೆ ವಿದ್ಯಾರ್ಥಿಯೊಬ್ಬನು 200 ಗಂಟೆ ಹಾರಬೇಕು. ಆ ಪ್ರತಿ ಗಂಟೆಯ ಇಂಧನ, ದುರಸ್ತಿ, ವಿಮೆ, ಸವಕಳಿಗಳೆಲ್ಲವೂ ಕಡೆಗೆ ಶುಲ್ಕದ ರೂಪದಲ್ಲಿ ಯಾವುದೋ ಮಧ್ಯಮ ವರ್ಗದ ಕುಟುಂಬದ ಬ್ಯಾಂಕ್ ಸಾಲಕ್ಕೆ ಸೇರುತ್ತವೆ. ಆದುದರಿಂದ ಎಂಜಿನ್ನಿಗೆ ಇಂಧನವನ್ನು ಯಾವ ಮಾರ್ಗದಲ್ಲಿ ಉಣಿಸಬೇಕೆಂಬ ಪ್ರಶ್ನೆ ತಂತ್ರಜ್ಞರಿಗೆಷ್ಟು ಸೇರಿದ್ದೋ ಲೆಕ್ಕ ಬರೆಯುವವರಿಗೂ ಅಷ್ಟೇ ಸೇರಿದ್ದು.

ಹೂಜಿಯ ತತ್ತ್ವ, ಹಿಮದ ಅಪಾಯ

ಕಾರ್ಬ್ಯುರೇಟರಿನ ರಚನೆ ಸರಳ. ಎಂಜಿನ್ ಎಳೆದುಕೊಳ್ಳುವ ಗಾಳಿಯು ಮಧ್ಯದಲ್ಲಿ ಕಿರಿದಾದ ಒಂದು ಕೊಳವೆಯ ಮೂಲಕ ಹಾಯುತ್ತದೆ. ಕಿರಿದಾದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ತಗ್ಗಿದ ಒತ್ತಡವು ಪಕ್ಕದ ಬಟ್ಟಲಿನಿಂದ ಪೆಟ್ರೋಲನ್ನು ಸೆಳೆದು ಗಾಳಿಯಲ್ಲಿ ಬೆರೆಸುತ್ತದೆ. ಬಟ್ಟಲಿನಲ್ಲಿ ಇಂಧನದ ಮಟ್ಟವನ್ನು ಕಾಯುವುದು ಫ್ಲೋಟ್ ಎಂಬ ತೇಲುಗುಂಡು. ವಿದ್ಯುತ್ ಬೇಡ, ಹೆಚ್ಚಿನ ಒತ್ತಡದ ಪಂಪು ಬೇಡ. ರೆಕ್ಕೆ ಮೇಲಿರುವ ಹಳೆಯ ಸೆಸ್ನಾ 172ರಲ್ಲಿ ಪಂಪೇ ಇರಲಿಲ್ಲ. ರೆಕ್ಕೆಯೊಳಗಿನ ಟ್ಯಾಂಕಿನಿಂದ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು. ಇಷ್ಟು ಕಡಿಮೆ ಭಾಗಗಳಲ್ಲಿ ಇಷ್ಟು ಕೆಲಸ ತೆಗೆದ ಯಂತ್ರ ಅಪರೂಪವೆಂದೇ ಹೇಳಬೇಕು.

ತೊಡಕು ಇರುವುದು ಆವಿಯಾಗುವಿಕೆಯಲ್ಲಿ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ತತ್ತ್ವವೇ ಇಲ್ಲಿಯೂ ನಡೆಯುತ್ತದೆ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ, ಒತ್ತಡದ ಇಳಿತವೂ ಅದಕ್ಕೆ ಸೇರುತ್ತದೆ. ಕೊಳವೆಯೊಳಗಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಕುಸಿಯಬಹುದು. ಗಾಳಿಯಲ್ಲಿ ತೇವವಿದ್ದರೆ ಅದು ಹಿಮವಾಗಿ ಥ್ರಾಟಲ್ ಕವಾಟದ ಸುತ್ತ ಕಟ್ಟಿಕೊಂಡು ಎಂಜಿನ್ನಿನ ಉಸಿರನ್ನೇ ಬಿಗಿಯುತ್ತದೆ. ಹಿಮವೆಂದರೆ ಯುರೋಪ್, ಅಮೆರಿಕಗಳ ಚಳಿಗಾಲದ ಸಮಸ್ಯೆ ಎಂದು ನಂಬಿರುವವರುಂಟು. ವಾಸ್ತವವಾಗಿ ಹೊರಗಿನ ಉಷ್ಣತೆ 21 ಡಿಗ್ರಿಗಿಂತ ಕಡಿಮೆ, ಆರ್ದ್ರತೆ ಶೇಕಡ 80ಕ್ಕಿಂತ ಹೆಚ್ಚು ಇದ್ದಾಗ ಅಪಾಯ ಅತ್ಯಧಿಕವೆಂದು ಅಮೆರಿಕದ ವಿಮಾನಯಾನ ಆಡಳಿತದ ಕೈಪಿಡಿ ಹೇಳುತ್ತದೆ. 38 ಡಿಗ್ರಿ ಬಿಸಿಲಿನಲ್ಲಿಯೂ ತೇವವಿದ್ದರೆ ಹಿಮ ಕಟ್ಟಬಹುದೆಂದು ಅದೇ ಪುಸ್ತಕ ಎಚ್ಚರಿಸುತ್ತದೆ. ಬೆಂಗಳೂರಿನ ಜುಲೈ–ಆಗಸ್ಟ್ ತಿಂಗಳ ಮುಂಜಾವನ್ನು, ಬೆಳಗಾವಿಯ ಜಡಿಮಳೆಯ ದಿನಗಳನ್ನು ಬಲ್ಲವರಿಗೆ ಈ ಅಂಕಿಗಳು ಎಲ್ಲಿಯವೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಎಂಜಿನ್ನಿನ ಹೊಗೆಕೊಳವೆಯ ಸುತ್ತ ಕಾದ ಗಾಳಿಯನ್ನು ಒಳಕ್ಕೆ ತಿರುಗಿಸುವ ‘ಕಾರ್ಬ್ ಹೀಟ್’ ಎಂಬ ಗುಂಡಿ ಚಾಲಕನ ಮುಂದಿರುತ್ತದೆ. ಆದರೆ ಅದನ್ನು ಎಳೆದೊಡನೆ ಎಂಜಿನ್ನಿನ ಸುತ್ತು ಇನ್ನಷ್ಟು ಇಳಿಯುತ್ತದೆ, ಕರಗಿದ ನೀರು ಒಳಹೋಗಿ ಎಂಜಿನ್ ಕೊಸರಾಡುತ್ತದೆ, ಅನಂತರವೇ ಚೇತರಿಸಿಕೊಳ್ಳುತ್ತದೆ. ಒಂಟಿಯಾಗಿ ಹಾರುತ್ತಿರುವ ಹೊಸ ವಿದ್ಯಾರ್ಥಿಗೆ ಆ ಕೆಲವು ಕ್ಷಣಗಳು ದೀರ್ಘವಾದುವು. ಪರಿಸ್ಥಿತಿ ಕೆಟ್ಟಿತೆಂದು ಭಾವಿಸಿ ಗುಂಡಿಯನ್ನು ಮರಳಿ ಒತ್ತಿಬಿಟ್ಟರೆ ಹಿಮ ಅಲ್ಲಿಯೇ ಉಳಿಯುತ್ತದೆ.

ಬಿಲ್ಲೆಯೊಂದರ ಕಥೆ

ಇಂಧನವನ್ನು ನೇರವಾಗಿ ಚುಚ್ಚಿ ಕಳುಹಿಸುವ ವಿಚಾರ ಹೊಸದಲ್ಲ. ಫ್ರಾನ್ಸಿನ ಆಂತ್ವಾನೆತ್ ಎಂಜಿನ್ನಿನಲ್ಲಿ ಅದು 1900ರ ದಶಕದಲ್ಲಿಯೇ ಬಂದಿತ್ತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಡೈಮ್ಲರ್–ಬೆಂಜ್ 601 ಎಂಜಿನ್ನಿಗೆ ಇಂಜೆಕ್ಷನ್ ಇದ್ದಿತು. ಬ್ರಿಟನ್ನಿನ ರೋಲ್ಸ್–ರಾಯ್ಸ್ ಮರ್ಲಿನ್ ಎಂಜಿನ್ನಿಗೆ ಕಾರ್ಬ್ಯುರೇಟರ್. ಸ್ಪಿಟ್‌ಫೈರ್ ವಿಮಾನ ತಟಕ್ಕನೆ ಮೂಗು ತಗ್ಗಿಸಿದಾಗ ತೇಲುಗುಂಡಿನ ಬಟ್ಟಲಿನಲ್ಲಿ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ಎಂಜಿನ್ ಒಂದು ಕ್ಷಣ ಉಸಿರು ಕಟ್ಟುತ್ತಿತ್ತು, ಜರ್ಮನ್ ವಿಮಾನ ಕೈತಪ್ಪಿ ಹೋಗುತ್ತಿತ್ತು. 1941ರಲ್ಲಿ ಫಾರ್ನ್‌ಬರೊ ಸಂಶೋಧನಾಲಯದ ಮಹಿಳಾ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಅವರು ಇಂಧನದ ಹರಿವನ್ನು ಮಿತಿಗೊಳಿಸುವ, ಅಳತೆಯ ರಂಧ್ರವುಳ್ಳ ಪುಟ್ಟ ಲೋಹದ ತುಣುಕೊಂದನ್ನು ರೂಪಿಸಿದರು. ವಿಮಾನಗಳನ್ನು ಕಾರ್ಖಾನೆಗೆ ಕರೆಸದೆ ನೆಲೆಗಳಲ್ಲಿಯೇ ಅದನ್ನು ಕೂರಿಸಲಾಯಿತು. ಸಂಪೂರ್ಣ ಪರಿಹಾರವಲ್ಲದಿದ್ದರೂ ಉತ್ತಮ ವ್ಯವಸ್ಥೆ ಬರುವವರೆಗೆ ಅದು ಕಾಲವನ್ನು ಗಳಿಸಿಕೊಟ್ಟಿತು. ಪರಿವರ್ತನೆಯ ಖರ್ಚನ್ನು ತೂಗುವವರು ಈ ಬಿಲ್ಲೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇಂಜೆಕ್ಷನ್ ಎಂದರೆ ಒಂದೇ ಅಲ್ಲ

ಲಘುವಿಮಾನಗಳಲ್ಲಿ ಇಂದು ಎರಡು ಬಗೆಯ ಇಂಜೆಕ್ಷನ್ ಬಳಕೆಯಲ್ಲಿದ್ದು, ಇವೆರಡನ್ನೂ ಬೆರೆಸಿ ಮಾತನಾಡುವುದರಿಂದಲೇ ಬಹಳಷ್ಟು ಗೊಂದಲ ಹುಟ್ಟುತ್ತದೆ.

ಮೊದಲನೆಯದು ಶುದ್ಧ ಯಾಂತ್ರಿಕ ವ್ಯವಸ್ಥೆ. ಲೈಕಮಿಂಗ್ ಎಂಜಿನ್ನುಗಳ ಹೆಸರಿನಲ್ಲಿಯೇ ಇದರ ಗುರುತಿದೆ: ‘ಓ–360’ ಎಂದರೆ ಸಿಲಿಂಡರುಗಳು ಎದುರುಬದುರಾಗಿರುವ, 360 ಘನ ಅಂಗುಲ ಗಾತ್ರದ ಎಂಜಿನ್, ಮುಂದೆ ‘ಐ’ ಸೇರಿ ‘ಐಓ–360’ ಆದರೆ ಇಂಜೆಕ್ಷನ್ ಇದೆ ಎಂದರ್ಥ. ಎಂಜಿನ್ನಿನಿಂದಲೇ ತಿರುಗುವ ಪಂಪು ಹೆಚ್ಚಿನ ಒತ್ತಡದಲ್ಲಿ ಇಂಧನ ಕಳುಹಿಸುತ್ತದೆ. ಸರ್ವೊ ಎಂಬ ನಿಯಂತ್ರಕ ಒಳಬರುವ ಗಾಳಿಗೆ ತಕ್ಕಂತೆ ಅದನ್ನು ಅಳೆಯುತ್ತದೆ. ಹಂಚುಪೆಟ್ಟಿಗೆಯೊಂದರಿಂದ ಜೇಡನ ಕಾಲುಗಳಂತೆ ಹೊರಟ ಸಣ್ಣ ಕೊಳವೆಗಳು ಪ್ರತಿ ಸಿಲಿಂಡರಿನ ಬಾಗಿಲ ಬಳಿಯ ನಾಜಲ್‌ಗೆ ಅದನ್ನು ಮುಟ್ಟಿಸುತ್ತವೆ. ಇದರಲ್ಲಿ ಕಂಪ್ಯೂಟರ್ ಇಲ್ಲ. ಗಾಳಿ–ಇಂಧನದ ಪ್ರಮಾಣವನ್ನು ಎತ್ತರಕ್ಕೆ ತಕ್ಕಂತೆ ಹೊಂದಿಸುವ ಕೆಲಸ ಎಂದಿನಂತೆ ಚಾಲಕನ ಕೈಯಲ್ಲಿಯೇ ಉಳಿಯುತ್ತದೆ.

ಎರಡನೆಯದು ವಿದ್ಯುನ್ಮಾನ ವ್ಯವಸ್ಥೆ. ಆಸ್ಟ್ರಿಯಾದ ರೋಟ್ಯಾಕ್ಸ್ ಸಂಸ್ಥೆ 2012ರಲ್ಲಿ ಹೊರತಂದ 100 ಅಶ್ವಶಕ್ತಿಯ ‘912 ಐಎಸ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದೇ ಶಕ್ತಿಯ ಹಳೆಯ 912 ಎಂಜಿನ್ನಿನಲ್ಲಿ ಎರಡು ಕಾರ್ಬ್ಯುರೇಟರುಗಳಿದ್ದು, ಅವೆರಡನ್ನೂ ಆಗಾಗ ಸಮಸ್ಥಿತಿಗೆ ತರದಿದ್ದರೆ ಎಂಜಿನ್ ನಡುಗುತ್ತಿತ್ತು. ಹೊಸದರಲ್ಲಿ ಎರಡು ಸಮಾನಾಂತರ ಜಾಡುಗಳುಳ್ಳ ಗಣಕ ನಿಯಂತ್ರಕ, ಎರಡು ವಿದ್ಯುತ್ ಪಂಪು, ಎರಡು ಜನರೇಟರ್ ಇವೆ. ಇಂಧನದಲ್ಲಿ ಶೇಕಡ 20ಕ್ಕೂ ಮಿಕ್ಕಿ ಉಳಿತಾಯವೆಂದು ತಯಾರಕರು ಹೇಳಿಕೊಂಡರು. ಮಿಶ್ರಣವನ್ನು ಗಣಕವೇ ನೋಡಿಕೊಳ್ಳುವುದರಿಂದ ಚಾಲಕನ ಮರೆವಿಗೆ ಇಲ್ಲಿ ಎಡೆಯಿಲ್ಲ. ಆದರೆ ವಿದ್ಯುತ್ ಪೂರ್ತಿಯಾಗಿ ನಿಂತರೆ ಎಂಜಿನ್ನೂ ನಿಲ್ಲುತ್ತದೆ. ಎಲ್ಲವನ್ನೂ ಎರಡೆರಡು ಇರಿಸಿರುವುದು ಆ ಕಾರಣಕ್ಕಾಗಿಯೇ. ಕಾರ್ಬ್ಯುರೇಟರ್ ಎಂಜಿನ್ನಿಗಿಂತ ಕೆಲವು ಕಿಲೋ ಭಾರವೂ ಹೆಚ್ಚು.

ಎರಡು ಬಗೆಗಳಲ್ಲಿಯೂ ಪೆಟ್ರೋಲ್ ಆವಿಯಾಗುವುದು ಬಿಸಿಯಾದ ಸಿಲಿಂಡರಿನ ಬಳಿಯೇ ಆದ್ದರಿಂದ ಕಾರ್ಬ್ಯುರೇಟರಿನ ಹಿಮವೆಂಬ ಶತ್ರು ಇಲ್ಲವಾಗುತ್ತಾನೆ. ಗಾಳಿಯ ಬಾಯಿಗೆ ಹೊರಗಿನಿಂದ ಹಿಮ ಮೆತ್ತಿಕೊಳ್ಳುವ ಸಾಧ್ಯತೆ ಮಾತ್ರ ಉಳಿಯುತ್ತದೆ. ಅದಕ್ಕೆ ಪರ್ಯಾಯ ಗಾಳಿದಾರಿ ಇರುತ್ತದೆ. ಅಶ್ವಶಕ್ತಿ ಹೆಚ್ಚುವುದೆಂಬ ನಂಬಿಕೆಯನ್ನು ಮಾತ್ರ ಇಲ್ಲಿಯೇ ಬಿಡಬೇಕು. ಓ–360 ಎಂಜಿನ್ನಿಗೂ ಅದೇ ಬಗೆಯ ಸಿಲಿಂಡರುಗಳುಳ್ಳ ಐಓ–360 ಎಂಜಿನ್ನಿಗೂ ಶಕ್ತಿ 180 ಅಶ್ವಶಕ್ತಿಯೇ. 200 ಅಶ್ವಶಕ್ತಿಯ ಐಓ–360 ಇದೆಯಾದರೂ ಆ ಹೆಚ್ಚಳದ ಹಿಂದೆ ಬೇರೆ ವಿನ್ಯಾಸದ ಸಿಲಿಂಡರ್ ತಲೆ ಮತ್ತು ಹೆಚ್ಚಿನ ಸಂಪೀಡನವಿದೆ.

ಮಾರುಕಟ್ಟೆ ತಡಮಾಡಿದ್ದೇಕೆ

ಅಮೆರಿಕದ ಸೆಸ್ನಾ ಸಂಸ್ಥೆ 1986ರಲ್ಲಿ ತನ್ನ ಜನಪ್ರಿಯ 172 ವಿಮಾನದ ತಯಾರಿಕೆಯನ್ನು ನಿಲ್ಲಿಸಿತು. ಬೇಡಿಕೆಯ ಕುಸಿತದೊಡನೆ, ದಶಕಗಳ ಹಿಂದೆ ಮಾರಿದ ವಿಮಾನಗಳ ಅಪಘಾತಗಳಿಗೂ ತಯಾರಕರನ್ನು ಹೊಣೆಮಾಡುವ ಮೊಕದ್ದಮೆಗಳ ಭಾರವೂ ಅದಕ್ಕೆ ಕಾರಣವಾಗಿತ್ತು. 1994ರಲ್ಲಿ ಅಲ್ಲಿನ ಸಂಸತ್ತು ಆ ಹೊಣೆಗಾರಿಕೆಗೆ 18 ವರ್ಷಗಳ ಮಿತಿ ಹಾಕಿತು. 1996ರಲ್ಲಿ 172 ಮರಳಿ ಬಂದಾಗ ಅದರಲ್ಲಿದ್ದುದು ಐಓ–360 ಇಂಜೆಕ್ಷನ್ ಎಂಜಿನ್. ಅಂದರೆ ರಸ್ತೆಯ ಮೇಲೆ ಹೊಗೆಯ ನಿಯಮಗಳು ಮಾಡಿಸಿದ ಬದಲಾವಣೆಯನ್ನು ಆಕಾಶದಲ್ಲಿ ಮಾಡಿಸಲು ಹತ್ತು ವರ್ಷಗಳ ವಿರಾಮ ಹಾಗೂ ಕಾನೂನಿನ ತಿದ್ದುಪಡಿ ಬೇಕಾಯಿತು. ಹೊಸ ವಿಮಾನ ಕೊಳ್ಳುವವರ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದದ್ದು ಅದಕ್ಕೆ ಮುನ್ನ ತಯಾರಾಗಿ ಇಂದಿಗೂ ಹಾರುತ್ತಿರುವ ಸಾವಿರಾರು ವಿಮಾನಗಳ ಮಾಲೀಕರ ಪ್ರಶ್ನೆ.

ಹಳೆಯ ಕಾರಿಗೆ ಗ್ಯಾಸ್ ಕಿಟ್ ಹಾಕಿಸಿದಷ್ಟು ಸುಲಭವಾಗಿ ಇದನ್ನು ಮಾಡಿಸುವಂತಿಲ್ಲ. ಪಂಪು ಬದಲಾಗಬೇಕು, ಬ್ಯಾಟರಿಯಿಂದ ನಡೆಯುವ ಸಹಾಯಕ ಪಂಪು ಸೇರಬೇಕು, ಒತ್ತಡ ತಾಳುವ ಹೊಸ ಕೊಳವೆಗಳು ಬೇಕು, ಕೆಲವು ವ್ಯವಸ್ಥೆಗಳಲ್ಲಿ ಉಳಿದ ಇಂಧನ ಟ್ಯಾಂಕಿಗೆ ಮರಳುವ ದಾರಿಯೂ ಬೇಕು. ನಾಜಲ್‌ನ ರಂಧ್ರ ಅತಿ ಸಣ್ಣದಾದ್ದರಿಂದ ಸೋಸುಬಲೆಯ ವಿಷಯದಲ್ಲಿ ಮೊದಲಿನ ಸಡಿಲಿಕೆ ನಡೆಯದು. ಇವೆಲ್ಲಕ್ಕಿಂತ ದುಬಾರಿಯಾದುದು ಕಾಗದ. ಪ್ರಮಾಣೀಕೃತ ವಿಮಾನದ ವಿನ್ಯಾಸವನ್ನು ಬದಲಿಸಲು ಪೂರಕ ಮಾದರಿ ಪ್ರಮಾಣಪತ್ರ, ಅಂದರೆ ಎಸ್.ಟಿ.ಸಿ., ಅಗತ್ಯ, ವಿದೇಶದಲ್ಲಿ ಅದು ದೊರೆತಿದ್ದರೂ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆಯಿಲ್ಲದೆ ಇಲ್ಲಿ ನಡೆಯದು. ಪ್ರತಿ ಭಾಗದೊಡನೆ ಅದರ ಹುಟ್ಟು, ಪರೀಕ್ಷೆಗಳನ್ನು ದೃಢೀಕರಿಸುವ ಬಿಡುಗಡೆ ಪತ್ರ ಬರಬೇಕು. ಪೀಣ್ಯದ ಯಾವುದೇ ಒಳ್ಳೆಯ ವರ್ಕ್‌ಶಾಪು ಇಂತಹ ನಾಜಲನ್ನು ಅಳತೆಗೆ ಸರಿಯಾಗಿ ಕಡೆದುಕೊಡಬಲ್ಲದು ಎಂಬುದರಲ್ಲಿ ಸಂಶಯವಿಲ್ಲ. ಆ ಪತ್ರವನ್ನು ಕೊಡಲಾರದು. ಬೆಲೆಯ ದೊಡ್ಡ ಪಾಲು ಹಿತ್ತಾಳೆಗಲ್ಲ, ಪತ್ರಕ್ಕೆ. ಪರೀಕ್ಷೆ, ಪ್ರಮಾಣೀಕರಣಗಳ ವೆಚ್ಚ ಲಕ್ಷಾಂತರ ಬೈಕುಗಳ ಮೇಲೆ ಹರಡಿಹೋಗುವುದಕ್ಕೂ ಕೆಲವೇ ನೂರು ವಿಮಾನಗಳ ಮೇಲೆ ಕೂರುವುದಕ್ಕೂ ಇರುವ ಅಂತರವೇ ಈ ಮಾರುಕಟ್ಟೆಯ ಕಥೆಯಾಗಿದೆ.

ಹಂಸ ಹಿಡಿದ ದಾರಿ

ಮಾಲೀಕರು ಒಂದೊಂದಾಗಿ ಮಾಡಲಾರದ್ದನ್ನು ವಿನ್ಯಾಸಕರೇ ಮಾಡಿದ ಉದಾಹರಣೆ ಬೆಂಗಳೂರಿನಲ್ಲಿಯೇ ಇದೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್.ಎ.ಎಲ್., ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ರೂಪಿಸಿದ ಎರಡು ಆಸನಗಳ ‘ಹಂಸ’ 1993ರ ನವೆಂಬರ್ 17ರಂದು ಮೊದಲ ಬಾರಿ ಹಾರಿ, ಹಂಸ–3 ರೂಪದಲ್ಲಿ 2000ದಲ್ಲಿ ಮಾನ್ಯತೆ ಪಡೆಯಿತು. ಅದರ ಎಂಜಿನ್ ರೋಟ್ಯಾಕ್ಸ್ 914: ಟರ್ಬೊ ಸಹಿತ, ಎರಡು ಕಾರ್ಬ್ಯುರೇಟರುಗಳುಳ್ಳದ್ದು. ಹೊಸ ತಲೆಮಾರಿನ ‘ಹಂಸ–ಎನ್‌ಜಿ’ಗಾಗಿ ಎನ್.ಎ.ಎಲ್. ಆರಿಸಿಕೊಂಡದ್ದು ಗಣಕ ನಿಯಂತ್ರಿತ ಇಂಜೆಕ್ಷನ್‌ನ ರೋಟ್ಯಾಕ್ಸ್ 912 ಐಎಸ್‌ಸಿ. ಇದು ಹಳೆಯ ಎಂಜಿನ್ನಿಗೆ ಮಾಡಿದ ಮಾರ್ಪಾಡಲ್ಲ, ಎಂಜಿನ್ನಿನ ಬದಲಾವಣೆ, ಟರ್ಬೊವನ್ನೂ ಕೈಬಿಡಲಾಯಿತು. ಆದರೂ ಒಂದು ವಿಮಾನ ಕಾರ್ಬ್ಯುರೇಟರಿನಿಂದ ಇಂಜೆಕ್ಷನ್‌ಗೆ ದಾಟುವಾಗ ಏನೆಲ್ಲ ಸಾಬೀತುಪಡಿಸಬೇಕಾಗುತ್ತದೆ ಎಂಬುದನ್ನು ಅದರ ಪರೀಕ್ಷೆಗಳು ತೋರಿಸುತ್ತವೆ.

2021ರ ಸೆಪ್ಟೆಂಬರ್ 3ರಂದು ಎಚ್.ಎ.ಎಲ್. ನಿಲ್ದಾಣದಿಂದ ಹಂಸ–ಎನ್‌ಜಿ ಮೊದಲು ಮೇಲೇರಿತು. 2022ರ ಫೆಬ್ರುವರಿ 19ರಂದು ಸಮುದ್ರಮಟ್ಟದ ಪರೀಕ್ಷೆಗಳಿಗಾಗಿ ಪುದುಚೇರಿಗೆ ಹಾರಿತು. ಸುಮಾರು 3000 ಅಡಿ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿ ಸರಿಯಾಗಿ ನಡೆದ ಮಿಶ್ರಣ ಕಡಲತೀರದ ದಟ್ಟಗಾಳಿಯಲ್ಲಿಯೂ ಸರಿಯಾಗಿ ನಡೆಯಬೇಕಲ್ಲವೆ. ಎಲ್ಲಕ್ಕಿಂತ ಕುತೂಹಲಕರವಾದ ಪರೀಕ್ಷೆ ನಡೆದದ್ದು ಅದೇ ವರ್ಷದ ಮೇ 17ರಂದು, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯ ಡಿ.ಆರ್.ಡಿ.ಒ. ವೈಮಾನಿಕ ಪರೀಕ್ಷಾ ವಲಯದಲ್ಲಿ. 7000ದಿಂದ 8000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗಲೇ ಎಂಜಿನ್ನನ್ನು ಆರಿಸಿ ಮತ್ತೆ ಹೊತ್ತಿಸಲಾಯಿತು. ವಾಯುಪಡೆಯ ಪರೀಕ್ಷಾ ಪೈಲಟ್‌ಗಳು ಪ್ರೊಪೆಲ್ಲರ್ ಗಾಳಿಗೆ ತಿರುಗುತ್ತಿರುವ ಸ್ಥಿತಿಯಲ್ಲಿಯೂ ಪೂರ್ತಿ ನಿಂತ ಸ್ಥಿತಿಯಲ್ಲಿಯೂ ವಿಮಾನದ ನಡತೆಯನ್ನು ಪರಿಶೀಲಿಸಿದರು. ಕಿಡಿಯೂ ಇಂಧನವೂ ವಿದ್ಯುತ್ತನ್ನೇ ನಂಬಿರುವ ಎಂಜಿನ್ನಿಗೆ ಇದಕ್ಕಿಂತ ನೇರವಾದ ಪ್ರಶ್ನೆಪತ್ರಿಕೆ ಇನ್ನೊಂದಿಲ್ಲ. ಬಿಡಿ ಮಾಲೀಕನೊಬ್ಬನು ತನ್ನ ಒಂದು ವಿಮಾನಕ್ಕಾಗಿ ಇಂತಹ ಪರೀಕ್ಷೆಗಳ ವೆಚ್ಚವನ್ನು ಹೊರುವುದು ಊಹೆಗೂ ಮೀರಿದ್ದು.

ಗಂಟೆಗಳೇ ಗೆಲ್ಲಿಸುವ ಲೆಕ್ಕ

ಇನ್ನು ಹಣದ ಮಾತು. ಇಂಜೆಕ್ಷನ್‌ನಿಂದ ಇಂಧನ ಉಳಿಯುವುದೇಕೆ ಎಂಬುದನ್ನು ಮೊದಲು ಗ್ರಹಿಸಬೇಕು. ಕಾರ್ಬ್ಯುರೇಟರಿನಿಂದ ಹೊರಟ ಮಿಶ್ರಣ ನಾಲ್ಕೂ ಸಿಲಿಂಡರುಗಳಿಗೆ ಸಮನಾಗಿ ತಲುಪುವುದಿಲ್ಲ. ಒಂದಕ್ಕೆ ಪೆಟ್ರೋಲ್ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಅತಿ ಕಡಿಮೆ ಪಡೆಯುವ ಸಿಲಿಂಡರು ಕಾದು ಕೆಡದಿರಲೆಂದು ಎಲ್ಲಕ್ಕೂ ಹೆಚ್ಚು ಬಡಿಸಬೇಕಾಗುತ್ತದೆ. ಪಂಕ್ತಿಯ ಕೊನೆಯವನ ಎಲೆಗೆ ಸಾರು ಸಾಲದೆಂದು ಎಲ್ಲರ ಎಲೆಗೂ ಇನ್ನೊಂದು ಸೌಟು ಸುರಿದಂತೆ. ಪ್ರತಿ ಸಿಲಿಂಡರಿಗೂ ತನ್ನದೇ ನಾಜಲ್ ಇದ್ದಾಗ ಆ ಹೆಚ್ಚಿನ ಸೌಟು ಉಳಿಯುತ್ತದೆ.

ಓ–360 ವರ್ಗದ ಎಂಜಿನ್ ಗಂಟೆಗೆ 36 ಲೀಟರ್ ಕುಡಿಯುವುದೆಂದೂ ಪರಿವರ್ತನೆಯಿಂದ ಅದರಲ್ಲಿ ಶೇಕಡ 10 ಉಳಿಯುವುದೆಂದೂ ಇಟ್ಟುಕೊಳ್ಳೋಣ. ಗಂಟೆಗೆ 3.6 ಲೀಟರ್. ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ 200 ರೂಪಾಯಿ, ಪರಿವರ್ತನೆಯ ಒಟ್ಟು ವೆಚ್ಚ 10 ಲಕ್ಷ ರೂಪಾಯಿ ಎಂದು ಭಾವಿಸೋಣ. ಓದುಗರು ತಮ್ಮ ದರಪಟ್ಟಿಯ ಅಂಕಿಗಳನ್ನು ಇಲ್ಲಿ ತುಂಬಿಕೊಳ್ಳಬಹುದು. ವರ್ಷಕ್ಕೆ 600 ಗಂಟೆ ಹಾರುವ ತರಬೇತಿ ವಿಮಾನ 2160 ಲೀಟರ್, ಅಂದರೆ 4,32,000 ರೂಪಾಯಿ ಉಳಿಸುತ್ತದೆ. ಶೇಕಡ 10ರ ಬಡ್ಡಿಯನ್ನು ಸೇರಿಸಿದರೂ ಹಾಕಿದ ಹಣ ಹೆಚ್ಚುಕಡಿಮೆ ಎರಡೂಮುಕ್ಕಾಲು ವರ್ಷಗಳಲ್ಲಿ ಮರಳುತ್ತದೆ. ಅದೇ ವಿಮಾನ ಖಾಸಗಿ ಮಾಲೀಕರ ಬಳಿ ವರ್ಷಕ್ಕೆ 60 ಗಂಟೆ ಮಾತ್ರ ಹಾರಿದರೆ ಉಳಿತಾಯ 43,200 ರೂಪಾಯಿ. ಬಡ್ಡಿಯನ್ನು ಮರೆತು ಭಾಗಿಸಿದರೆ 23 ವರ್ಷ. ಬಡ್ಡಿಯನ್ನು ನೆನೆದರೆ ಎಂದೆಂದಿಗೂ ಇಲ್ಲ. 10 ಲಕ್ಷದ ಮೇಲಿನ ವಾರ್ಷಿಕ ಬಡ್ಡಿಯೇ 1 ಲಕ್ಷ ರೂಪಾಯಿ ಆಗುವಾಗ 43,200 ರೂಪಾಯಿಯ ಉಳಿತಾಯ ಅಸಲನ್ನು ಮುಟ್ಟುವುದೇ ಇಲ್ಲ.

ಮೊದಲ ಅಂಕಿಯನ್ನು ಕಂಡು ತರಬೇತಿ ಸಂಸ್ಥೆಗಳು ಸಂತೋಷಪಡುವ ಮುನ್ನ ಇನ್ನೊಂದು ಸಂಗತಿಯನ್ನು ಪರಿಶೀಲಿಸಬೇಕು. ಯಾಂತ್ರಿಕ ಇಂಜೆಕ್ಷನ್ ತಾನಾಗಿ ಏನನ್ನೂ ಉಳಿಸುವುದಿಲ್ಲ. ಚಾಲಕನು ಮಿಶ್ರಣದ ಗುಂಡಿಯನ್ನು ಹಿಂದಕ್ಕೆಳೆದು ತೆಳುಮಾಡಿದಾಗ ಮಾತ್ರ ಉಳಿಯುತ್ತದೆ. ತರಬೇತಿಯ ಬಹುಭಾಗ ನಿಲ್ದಾಣದ ಸುತ್ತಲಿನ ಕಡಿಮೆ ಎತ್ತರದ ಸುತ್ತುಗಳಲ್ಲಿ, ಏರುವುದು–ಇಳಿಯುವುದರಲ್ಲಿ ಕಳೆಯುತ್ತದೆ. ಆಗ ಮಿಶ್ರಣವನ್ನು ಪೂರ್ಣ ಸಮೃದ್ಧವಾಗಿ ಇಡುವುದೇ ರೂಢಿ. ಅರ್ಧ ಗಂಟೆಗಳು ಹೀಗೆ ಕಳೆದರೆ ಉಳಿತಾಯವೂ ಅರ್ಧವಾಗಿ, ಬಡ್ಡಿ ಸಹಿತ ಮರುಪಾವತಿಯ ಅವಧಿ ಆರೂವರೆ ವರ್ಷಗಳಿಗೆ ಜಿಗಿಯುತ್ತದೆ. ಉಳಿತಾಯ ಅರ್ಧವಾದಾಗ ಅವಧಿ ಎರಡು ಪಟ್ಟಿಗಿಂತ ಹೆಚ್ಚಾಗುವುದು ಬಡ್ಡಿಯ ಮಹಿಮೆ. ಮಾರಾಟಗಾರರ ಪತ್ರಕಗಳಲ್ಲಿ ಈ ಅರ್ಧದ ಪ್ರಸ್ತಾಪ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಸಂಸ್ಥೆಯು ಮೊದಲು ತೆರೆಯಬೇಕಾದ ದಾಖಲೆ ದರಪಟ್ಟಿಯಲ್ಲ, ವಿಮಾನದ ಹಾರಾಟದ ಲಾಗ್ ಪುಸ್ತಕ.

ಹವಾಮಾನವೂ ಲೆಕ್ಕದ ಒಂದು ಕಲಮು. ಎಂಜಿನ್ ನಿಂತ ಮೇಲೆ ಅದರ ಮೇಲ್ಭಾಗದ ಸಣ್ಣ ಕೊಳವೆಗಳಲ್ಲಿ ಉಳಿದ ಪೆಟ್ರೋಲ್ ಕುದಿದು ಆವಿಯಾಗುವುದರಿಂದ ಇಂಜೆಕ್ಷನ್ ಎಂಜಿನ್ನನ್ನು ಬಿಸಿಯಾಗಿರುವಾಗ ಮತ್ತೆ ಎಬ್ಬಿಸುವುದು ಕಷ್ಟ. ಒಬ್ಬ ವಿದ್ಯಾರ್ಥಿ ಇಳಿದು ಇನ್ನೊಬ್ಬನು ಏರುವ ಹತ್ತು–ಹದಿನೈದು ನಿಮಿಷಗಳಲ್ಲಿ ಇದು ಅತ್ಯಂತ ಹೆಚ್ಚಾಗಿ ಕಾಡುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಬ್ಯಾಟರಿ ಮತ್ತು ಸ್ಟಾರ್ಟರ್ ಮೋಟಾರಿನ ಬಿಲ್ಲು ಏರಬಹುದು; ಬೆಳಗಾವಿಯ ಜುಲೈ ತಿಂಗಳಿನಲ್ಲಿ ಹಿಮದ ಭಯ ತಪ್ಪಿದ್ದಕ್ಕೆ ಅದೇ ವ್ಯವಸ್ಥೆಗೆ ಕೃತಜ್ಞರಾಗಬಹುದು. ಒಂದೇ ಸಂಸ್ಥೆಯಲ್ಲಿ ಕೆಲವು ವಿಮಾನಗಳು ಕಾರ್ಬ್ಯುರೇಟರಿನವು, ಕೆಲವು ಇಂಜೆಕ್ಷನ್‌ನವು ಎಂದಾದರೆ ಬಿಡಿಭಾಗಗಳ ದಾಸ್ತಾನು ಎರಡು, ಪರಿಶೀಲನಾ ಪಟ್ಟಿ ಎರಡು. ಒಂದರಲ್ಲಿ ಕಲಿತ ಕೈ ಇನ್ನೊಂದರಲ್ಲಿ ಕಾರ್ಬ್ ಹೀಟನ್ನು ಮರೆಯುವ ಅಪಾಯ ಬೇರೆ.

ಓವರ್‌ಹಾಲ್ ಎಂಬ ಸುಸಮಯ

ಇಷ್ಟಾದರೂ ಪರಿವರ್ತನೆ ಲಾಭದಾಯಕವಾಗುವ ಒಂದು ಘಳಿಗೆ ಇದೆ. ಈ ವರ್ಗದ ಲೈಕಮಿಂಗ್ ಎಂಜಿನ್ನುಗಳಿಗೆ ತಯಾರಕರು ಸಾಮಾನ್ಯವಾಗಿ ಸೂಚಿಸುವ ಓವರ್‌ಹಾಲ್ ಅವಧಿ 2000 ಗಂಟೆ. ವರ್ಷಕ್ಕೆ 600 ಗಂಟೆ ಹಾರುವ ವಿಮಾನದಲ್ಲಿ ಮೂರೂಕಾಲು ವರ್ಷ ಕಳೆದ ಕೂಡಲೇ ಎಂಜಿನ್ ಹೇಗೂ ಕೆಳಗಿಳಿಯುತ್ತದೆ, ಪೂರ್ತಿ ಬಿಚ್ಚಲ್ಪಡುತ್ತದೆ, ಪಂಪು ಮತ್ತು ಕಾರ್ಬ್ಯುರೇಟರುಗಳಿಗೆ ಹೇಗೂ ಹಣ ಬೀಳುತ್ತದೆ, ವಿಮಾನವೂ ಹೇಗೂ ನೆಲದ ಮೇಲೆ ನಿಲ್ಲುತ್ತದೆ. ಆಗ ಅನುಮೋದಿತ ಇಂಜೆಕ್ಷನ್ ಎಂಜಿನ್ನಿಗೆ ಬದಲಿಸಿದರೆ ಲೆಕ್ಕಕ್ಕೆ ಬರಬೇಕಾದುದು ಪೂರ್ಣ ವೆಚ್ಚವಲ್ಲ, ಹೆಚ್ಚುವರಿ ವೆಚ್ಚ ಮಾತ್ರ. ಮೇಲಿನ ಉದಾಹರಣೆಯಲ್ಲಿ ಆ ಹೆಚ್ಚುವರಿ 5 ಲಕ್ಷಕ್ಕೆ ಇಳಿದರೆ, ಅರ್ಧ ಉಳಿತಾಯವನ್ನೇ ಹಿಡಿದರೂ ಮುಂದಿನ ಓವರ್‌ಹಾಲ್ ಬರುವ ಮುನ್ನವೇ ಹಣ ಮರಳುತ್ತದೆ. ನಡುವಧಿಯಲ್ಲಿ, ಚೆನ್ನಾಗಿ ನಡೆಯುತ್ತಿರುವ ಎಂಜಿನ್ನನ್ನು ಬಿಚ್ಚುವುದು ಲೆಕ್ಕದ ದೃಷ್ಟಿಯಿಂದ ಸಮರ್ಥನೀಯವಲ್ಲ.

ಲೆಕ್ಕಪುಸ್ತಕದಲ್ಲಿಯೂ ಈ ಸಮಯ ಅನುಕೂಲಕರ. ಲೆಕ್ಕಪತ್ರ ಮಾನದಂಡ 10ರ ಪ್ರಕಾರ, ಭವಿಷ್ಯದಲ್ಲಿ ಪ್ರಯೋಜನ ನೀಡುವ ಬದಲಿ ಭಾಗದ ವೆಚ್ಚವನ್ನು ಆಸ್ತಿಯ ಬೆಲೆಗೆ ಸೇರಿಸಬೇಕು; ಜೊತೆಗೆ ತೆಗೆದುಹಾಕಿದ ಭಾಗದ ಉಳಿದ ಪುಸ್ತಕ ಮೌಲ್ಯವನ್ನು ಕಳೆಯಬೇಕು. ಕಂಪನಿ ಕಾಯಿದೆ 2013ರ ಎರಡನೆಯ ಅನುಸೂಚಿ ವಿಮಾನಕ್ಕೆ 20 ವರ್ಷಗಳ ಆಯುಷ್ಯವನ್ನು ಸೂಚಿಸುತ್ತದೆಯಾದರೂ, ಗಣನೀಯ ಬೆಲೆಯ, ಬೇರೆ ಆಯುಷ್ಯದ ಘಟಕಗಳಿಗೆ ಪ್ರತ್ಯೇಕ ಸವಕಳಿಯನ್ನು ವಿಧಿಸುತ್ತದೆ. ಎಂಜಿನ್ ಅಂತಹ ಘಟಕಕ್ಕೆ ಪಠ್ಯಪುಸ್ತಕದ ಉದಾಹರಣೆ. ಓವರ್‌ಹಾಲ್ ಸಮಯಕ್ಕೆ ಹಿಂದಿನ ಓವರ್‌ಹಾಲಿನ ಮೌಲ್ಯ ಪೂರ್ತಿ ಸವೆದಿರುವುದರಿಂದ ಕಳೆಯಬೇಕಾದ ಮೊತ್ತ ಅಲ್ಪ. ನಡುವಧಿಯಲ್ಲಾದರೆ ಅದು ನೇರವಾಗಿ ಆ ವರ್ಷದ ನಷ್ಟ. ಸಣ್ಣ ಸಂಸ್ಥೆಗಳ ಪುಸ್ತಕಗಳಲ್ಲಿ ಎರಡು ವಿರುದ್ಧ ತಪ್ಪುಗಳು ಕಾಣಸಿಗುತ್ತವೆ. ಕೆಲವರು ಇಡೀ ಬಿಲ್ಲನ್ನು ದುರಸ್ತಿಯೆಂದು ರಾಜಸ್ವ ವೆಚ್ಚಕ್ಕೆ ಬರೆದು ಆ ವರ್ಷವನ್ನು ಅನಗತ್ಯವಾಗಿ ನಷ್ಟದಲ್ಲಿ ಮುಳುಗಿಸುತ್ತಾರೆ. ಇನ್ನು ಕೆಲವರು ಹೊಸದನ್ನು ಸೇರಿಸಿ ಹಳೆಯದನ್ನು ಕಳೆಯಲು ಮರೆಯುತ್ತಾರೆ. ಒಂದೇ ವಿಮಾನಕ್ಕೆ ಪುಸ್ತಕದಲ್ಲಿ ಎರಡು ಎಂಜಿನ್.

ಇಂಧನದ ಬೆಲೆಯ ಬಗೆಗೆ ಒಂದು ಮಾತು. ಇಂತಹ ಎಂಜಿನ್ನುಗಳು ಬಳಸುವ ಸೀಸಯುಕ್ತ ವಿಮಾನ ಪೆಟ್ರೋಲ್ ಎವಿಗ್ಯಾಸ್ 100 ಎಲ್ಎಲ್ ಅನ್ನು ದೇಶವು ಆಮದು ಮಾಡಿಕೊಳ್ಳುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಆಯಿಲ್ ವಡೋದರದ ತನ್ನ ಸಂಸ್ಕರಣಾಗಾರದಲ್ಲಿ ತಯಾರಿಸಿದ ಇಂಧನವನ್ನು ಬಿಡುಗಡೆ ಮಾಡಿತು. ರೋಟ್ಯಾಕ್ಸ್ 912 ವರ್ಗದ ಎಂಜಿನ್ನುಗಳಿಗೆ ಸೂಕ್ತ ದರ್ಜೆಯ ಮೋಟಾರು ಪೆಟ್ರೋಲನ್ನೂ ತಯಾರಕರು ಒಪ್ಪುತ್ತಾರೆ. ಲೀಟರಿನ ಬೆಲೆ ಇಳಿದಷ್ಟೂ ಇಂಜೆಕ್ಷನ್‌ನ ಉಳಿತಾಯವೂ ಇಳಿಯುತ್ತದೆಂಬುದನ್ನು ಮರುಪಾವತಿಯ ಲೆಕ್ಕದಲ್ಲಿ ಗಮನಿಸಬೇಕು.

ವರ್ಷಕ್ಕೆ 60 ಗಂಟೆ ಹಾರುವ ಮಾಲೀಕನ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. ಇಂಧನದ ಲೆಕ್ಕ ಅವನಿಗೆ ಇಂಜೆಕ್ಷನ್ ಬೇಡವೆನ್ನುತ್ತದೆ. ಹಿಮದ ಅಪಾಯ ಮಾತ್ರ ಅವನಿಗೂ ತಪ್ಪಿದ್ದಲ್ಲ. ಕಡಿಮೆ ಹಾರುವವನ ಅಭ್ಯಾಸವೂ ಕಡಿಮೆಯಾದ್ದರಿಂದ ಅವನ ಪಾಲಿಗೆ ಅದು ಇನ್ನೂ ಹೆಚ್ಚೆಂದೇ ಹೇಳಬೇಕು. ಅವನಿಗೆ ಶಿಲ್ಲಿಂಗ್ ಅವರ ಬಿಲ್ಲೆಗೆ ಸಮನಾದ ಉಪಾಯವೊಂದಿದೆ: ಕಾರ್ಬ್ಯುರೇಟರಿನ ಉಷ್ಣತಾ ಮಾಪಕ. ಕೊಳವೆಯೊಳಗೆ ಒಂದು ಸಂವೇದಕ, ಮುಂಭಾಗದ ಫಲಕದಲ್ಲಿ ಒಂದು ಮುಳ್ಳು. ಸಾಮಾನ್ಯವಾಗಿ ಮೈನಸ್ 15ರಿಂದ 5 ಡಿಗ್ರಿಯವರೆಗೆ ಹಳದಿ ಪಟ್ಟಿ ಇರುತ್ತದೆ. ಹೊರಗೆ ತೇವವಿದ್ದು ಮುಳ್ಳು ಆ ಪಟ್ಟಿಯೊಳಗೆ ಬಂದಿತೆಂದರೆ ಕಾರ್ಬ್ ಹೀಟ್ ಎಳೆದು ಮುಳ್ಳನ್ನು ಹೊರಗೆ ತರಬೇಕು. ಇದರ ಬೆಲೆಯು ಪರಿವರ್ತನೆಯ ವೆಚ್ಚದ ಅತಿ ಸಣ್ಣ ಪಾಲು. ಅಳವಡಿಕೆಗೆ ಪರವಾನಗಿ ಪಡೆದ ಎಂಜಿನಿಯರರ ಸಹಿ ಮತ್ತು ಸೂಕ್ತ ಅನುಮೋದನೆ ಇದಕ್ಕೂ ಬೇಕು. ಬಿಲ್ಲು ಮಾತ್ರ ಆ ವರ್ಷದ ದುರಸ್ತಿ–ನಿರ್ವಹಣೆಯ ಖಾತೆಯಲ್ಲಿಯೇ ಅಡಗಿಹೋಗುವಷ್ಟು ಚಿಕ್ಕದು.